ಗುಂಡಿಗೆ ಓದಿದ ಪುಸ್ತಕ

ಮೇಲಿನ ಮನೆಯ ಟೈಲರಣ್ಣ ತೀರಿಕೊಂಡ ಮೇಲೆ ಅವನ ಬೆಕ್ಕು ಗುಂಡಿ ನನ್ನ ಪಾಲಿಗೆ ಬಂತು. ಕರಿಯ ಮೈ, ಎದೆಯ ಮೇಲೆ ಅಂಗಿಯ ಗುಂಡಿಯಂತೆ ಒಂದೇ ಒಂದು ಬಿಳಿ ಚುಕ್ಕೆ. ಅದಕ್ಕೇ ಆ ಹೆಸರು. ಮನೆ ಖಾಲಿ ಮಾಡುವಾಗ ಅವನ ಮಗಳು, "ನನ್ನ ಮಗೂಗೆ ಬೆಕ್ಕಿನ ಕೂದಲು ಆಗಲ್ಲ ಆಂಟಿ. ಯಾವುದಾದ್ರೂ ಪ್ರಾಣಿಗಳ ಆಶ್ರಮಕ್ಕೆ..." ಎಂದು ಉಳಿದದ್ದನ್ನು ನುಂಗಿಕೊಂಡಳು. ನಾನು ಕೈ ಚಾಚಿಬಿಟ್ಟೆ. ಇನ್ನೊಂದು ಜೀವ ಓಡಾಡಿಕೊಂಡಿದ್ದರೆ ನನ್ನ ಮನೆಯೂ ಮನೆ ಎನಿಸೀತು ಎಂಬ ಆಸೆ.

ಓಡಾಟ ಎಲ್ಲಿ ಬಂತು! ಗುಂಡಿ ಮಂಚದ ಕೆಳಗೆ ಸೇರಿದ್ದು ಸೇರಿದ್ದೇ. ನಾನು ಆಚೆ ಕೋಣೆಗೆ ಹೋದರೆ ಮಾತ್ರ ಬಂದು ತಟ್ಟೆ ಖಾಲಿ ಮಾಡಿ ಹೋಗುತ್ತಿತ್ತು. ಬಗ್ಗಿದರೆ ಕಿವಿ ತಲೆಗೆ ಅಂಟುತ್ತಿತ್ತು, ಬಾಲ ಬಾಟಲಿ ತೊಳೆಯುವ ಬ್ರಷ್ಷಾಗುತ್ತಿತ್ತು. ಸಮಾಧಾನ ಮಾಡಿದಷ್ಟೂ ಕೆರಳುತ್ತಿತ್ತು. ಒಂದು ದಿನ ನನ್ನ ತಂಗಿ, "ಇದೇನು ದೊಡ್ಡ ಹುಲೀನಾ?" ಎಂದು ಮಂಚದಡಿ ಕೈ ಹಾಕಿದಳು. ಕೈ ಆಚೆ ಬಂದಾಗ ರಕ್ತ ಸುರಿಯುತ್ತಿತ್ತು.

ಇಂಜೆಕ್ಷನ್ ಮಾಡಿಸಿಕೊಂಡು ಬಂದು ಅವಳು ತೀರ್ಪು ಕೊಟ್ಟಳು. "ಭಾನುವಾರ ಬುಟ್ಟಿ ತರ್ತೀನಿ ಅಕ್ಕ. ಆಶ್ರಮಕ್ಕೆ ಬಿಟ್ಟು ಬರೋಣ. ನಾಳೆ ನಿನ್ನನ್ನೇ ಪರಚಿದ್ರೆ ನೋಡ್ಕೊಳ್ಳೋರು ಯಾರಿದ್ದಾರೆ?"

ಭಾನುವಾರದ ಒಳಗೆ ಗುಂಡಿ ನನ್ನನ್ನು ಒಪ್ಪಬೇಕಿತ್ತು, ಅಷ್ಟೆ.

ಪ್ರಾಣಿಗಳ ಡಾಕ್ಟರಿಗೆ ಫೋನ್ ಮಾಡಿ ಗುಂಡಿಯ ಕಥೆಯೆಲ್ಲ ಹೇಳಿದೆ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅವಳೇ ಬಂದಳು. ಸದ್ದಾಗಬಾರದೆಂದು ಬೂಟು ಹೊರಗೇ ಬಿಟ್ಟು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲಕ್ಕೆ ಮಲಗಿ ಒಳಗೆ ನೋಡಿದಳು. ಆ ಹುಡುಗಿಯ ಮೇಲೆ ನನಗೆ ಅಲ್ಲೇ ಪ್ರೀತಿ ಹುಟ್ಟಿತು.

"ಊಟ ಸರಿಯಾಗಿದೆ, ಗಾಯ ಕಾಣ್ತಿಲ್ಲ. ಅವಳಿಗೆ ಕೋಪ ಅಲ್ಲಮ್ಮ, ಹೆದರಿಕೆ. ನೀವು ಹೇಗೆ ಸಮಾಧಾನ ಮಾಡ್ತೀರಿ, ತೋರಿಸಿ."

ನಾನು ಬಗ್ಗಿ, ಕನ್ನಡಕದ ಮೇಲಿನಿಂದ ಗುಂಡಿಯನ್ನೇ ದಿಟ್ಟಿಸಿ, ತುಟಿಯ ಮೇಲೆ ಬೆರಳಿಟ್ಟು, "ಶ್... ಶ್ಶ್..." ಎಂದೆ.

ಒಳಗಿನಿಂದ "ಬುಸ್ಸ್!" ಎಂದು ಉತ್ತರ ಬಂತು.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಅಮ್ಮ, ಮೊದಲು ಬುಸುಗುಟ್ಟಿದ್ದು ನೀವೇ! ಸಾಲದ್ದಕ್ಕೆ ಕಣ್ಣು ಬೇರೆ ಬಿಡ್ತೀರಿ. ಅವಳ ಪ್ರಕಾರ ಜಗಳ ತೆಗೆದಿರೋದು ನೀವು."

ಲೈಬ್ರರಿಯಲ್ಲಿ ನನ್ನ ಇಡೀ ನೌಕರಿ ಆ ನೋಟ, ಆ ಸದ್ದಿನ ಮೇಲೇ ನಡೆದಿತ್ತು. ನಿವೃತ್ತಿಯಾದರೂ ಬಿಟ್ಟಿರಲಿಲ್ಲ, ಹಾಲು ಉಕ್ಕಿ ಬಂದರೂ "ಶ್" ಎನ್ನುವವಳು ನಾನು.

ಅವಳು ಒಂದು ರಟ್ಟಿನ ಡಬ್ಬವನ್ನು ಅಡ್ಡ ಮಲಗಿಸಿ, ಅದರೊಳಗೆ ಗುಂಡಿಯ ಜೊತೆಗೇ ಬಂದಿದ್ದ ಟೈಲರಣ್ಣನ ಹಳೆಯ ಶಾಲು ಹಾಸಿದಳು. "ಹತ್ತಿರ ನೆಲದ ಮೇಲೆ ಕೂತ್ಕೊಳ್ಳಿ. ನೋಡಬೇಡಿ, ಕೈ ಚಾಚಬೇಡಿ, ಅವಳಾಗೇ ಬರಲಿ. ಮೆತ್ತಗೆ ಮಾತಾಡ್ತಾ ಇರಿ."

"ಏನಂತ ಮಾತಾಡಲಿ?"

"ಏನಾದ್ರೂ. ಅವಳು ಬೆಳೆದಿದ್ದು ಹೊಲಿಗೆ ಮಿಷನ್ನು, ರೇಡಿಯೋ, ಗಿರಾಕಿಗಳ ಮಧ್ಯೆ. ನಿಮ್ಮ ಮನೆ ತುಂಬಾ ಸುಮ್ಮನಿದೆ."

ಅವಳು ಹೋದ ಮೇಲೆ ನೆಲದ ಮೇಲೆ ಕುಳಿತೆ. ಬಾಯಿ ತೆರೆದರೆ ಮಾತೇ ಇಲ್ಲ. ಡಾಕ್ಟರನ್ನು ಬಿಟ್ಟರೆ, ಅಂದು ನಾನು ಮಾತಾಡಿದ್ದು ಬೆಳಿಗ್ಗೆ ಹಾಲಿನವನಿಗೆ "ಒಂದು ಪ್ಯಾಕೆಟ್" ಎಂದದ್ದಷ್ಟೇ. ಹಿಂದಿನ ದಿನವೂ ಅಷ್ಟೇ ಇರಬೇಕು. ಮೇಲಿನಿಂದ ಮಿಷನ್ನಿನ ಟಕಟಕ ಕೇಳುತ್ತಿದ್ದಾಗ ನನಗಿದು ಗೊತ್ತಾಗಿರಲಿಲ್ಲ. ಮಧ್ಯಾಹ್ನ ನಾನು ಅಡ್ಡಾದ ಹೊತ್ತಿಗೆ, ಯಾರೂ ಹೇಳದೆಯೇ, ಅವನು ಆ ಮಿಷನ್ನು ನಿಲ್ಲಿಸುತ್ತಿದ್ದ. ಗುಂಡಿ ಮಾತ್ರವಲ್ಲ, ನಾನೂ ಆ ಸದ್ದಿನ ಕೆಳಗೇ ಬದುಕಿದ್ದೆ.

ಮಾತಿಲ್ಲದಿದ್ದರೇನು, ಪುಸ್ತಕವಿತ್ತು. ಯಾರೂ ಎರವಲು ಪಡೆಯದೆ ಲೈಬ್ರರಿ ಹೊರಹಾಕಿದ್ದ ಜೇನು ಸಾಕಣೆಯ ಪುಸ್ತಕವೊಂದನ್ನು ಪಾಪವೆನಿಸಿ ಮನೆಗೆ ತಂದಿದ್ದೆ. ಅದನ್ನೇ ಗಟ್ಟಿಯಾಗಿ ಓದತೊಡಗಿದೆ. ದನಿ ತುಕ್ಕು ಹಿಡಿದ ಕೀಲಿನಂತಿತ್ತು. ನನ್ನ ಲೈಬ್ರರಿಯಲ್ಲಿ ಯಾರಾದರೂ ಹೀಗೆ ಓದಿದ್ದರೆ ಬಾಗಿಲು ತೋರಿಸುತ್ತಿದ್ದೆ.

ದಿನವೂ ಓದಿದೆ. ಗುರುವಾರ ಮಂಚದಡಿಯಿಂದ ಮೂತಿ ಕಂಡಿತು. ಶುಕ್ರವಾರ ಶಾಲಿನ ಮೇಲೆ ಕರಿಯ ಕೂದಲಿದ್ದವು. ಶನಿವಾರ ನನ್ನ ಕೈಯಿಂದ ಲೋಟ ಬಿದ್ದು ಠಣ್ ಎಂದದ್ದೇ, ಎಲ್ಲ ಮತ್ತೆ ಮೊದಲಿಗೆ ಬಂತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಭಾನುವಾರ ರಾಣಿಜೇನಿನ ಅಧ್ಯಾಯಕ್ಕೆ ಬಂದಿದ್ದೆ. ಪುಟದಿಂದ ಕಣ್ಣು ತೆಗೆಯಲಿಲ್ಲ. ಕಾಲಿಗೆ ಏನೋ ಮೆತ್ತಗೆ ತಾಗಿತು. ಗುಂಡಿ ಬಂದಿದ್ದಳು. ನನಗೆ ಬೆನ್ನು ಹಾಕಿ ಕೂತು, ಬಾಲ ಮಾತ್ರ ನನ್ನ ಪಾದದ ಮೇಲಿಟ್ಟಿದ್ದಳು.

ಆಗಲೇ ತಂಗಿ ತನ್ನ ಬೀಗದ ಕೈಯಿಂದ ಬಾಗಿಲು ತೆರೆದಳು. ಒಂದು ಕೈಗೆ ಪಟ್ಟಿ, ಇನ್ನೊಂದರಲ್ಲಿ ಬುಟ್ಟಿ. ಏನೋ ಹೇಳಲು ಬಾಯಿ ತೆರೆದಳು. ಪಾದದ ಮೇಲಿನ ಬಾಲ ಬಿಗಿಯಾಯಿತು.

ನನ್ನ ಬೆರಳು ತಾನಾಗಿ ತುಟಿಗೆ ಹೋಯಿತು. "ಶ್" ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಅದೇ ಬೆರಳಿನಿಂದ ಪುಟ ಮಗುಚಿ, ಮುಂದಿನ ಸಾಲನ್ನು ಓದಿದೆ.

ತಂಗಿ ಬುಟ್ಟಿಯನ್ನು ಬಾಗಿಲ ಹೊರಗೆ ಇಟ್ಟು, ಚಪ್ಪಲಿ ಬಿಟ್ಟು, ಗೋಡೆಗೊರಗಿ ನೆಲದ ಮೇಲೆ ಕುಳಿತಳು. ಬಾಲ ಮತ್ತೆ ಸಡಿಲವಾಯಿತು.