ಕ್ಯಾಪ್ಟನ್ ಸುಮಿತ್ರಾಳ ತೇಗದ ಕಡ್ಡಿ

ನಾನು ಒಂದು ಮರದ ಕಡ್ಡಿ. ಗೇಣಿಗಿಂತ ತುಸು ಉದ್ದ, ಹೆಬ್ಬೆರಳಷ್ಟು ದಪ್ಪ. ಬಯಲುಸೀಮೆಯ ಒಂದು ವಿಮಾನ ತರಬೇತಿ ಶಾಲೆಯಲ್ಲಿ ಮುರಿದ ತೇಗದ ಕುರ್ಚಿಯ ಕಾಲನ್ನು ಕೆತ್ತಿ ಮೆಕ್ಯಾನಿಕ್ ಒಬ್ಬ ನನ್ನನ್ನು ಮಾಡಿದ. ಕಾದ ತಂತಿಯಿಂದ ಮೈಮೇಲೆ ಲೀಟರಿನ ಗೆರೆಗಳನ್ನು ಸುಟ್ಟ. ಪುಟ್ಟ ವಿಮಾನದ ರೆಕ್ಕೆಯ ಟ್ಯಾಂಕಿಗೆ ನನ್ನನ್ನು ಇಳಿಸಿ, ಎಲ್ಲಿಯವರೆಗೆ ಒದ್ದೆಯಾಗಿದ್ದೇನೆಂದು ನೋಡಿದರೆ ಇಂಧನ ಎಷ್ಟಿದೆಯೆಂದು ತಿಳಿಯುತ್ತಿತ್ತು. ಅಷ್ಟೇ ನನ್ನ ಕೆಲಸ, ಮರ್ಯಾದೆಯ ಕೆಲಸ.

ಆ ಮರ್ಯಾದೆ ಕಳೆದವರು ಬೋಧಕ ಕ್ಯಾಪ್ಟನ್ ಕುಶಾಲಪ್ಪನವರು. ವಿದ್ಯಾರ್ಥಿಯ ಪಕ್ಕದ ಸೀಟಿನಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ವಿಮಾನದ ಮೂಗು ಮೇಲೆದ್ದರೆ ಬೆರಳ ಗೆಣ್ಣಿಗೆ ಒಂದೇಟು, ಕೆಳಗಿಳಿದರೆ ಮೊಣಕಾಲಿಗೆ ಒಂದೇಟು. ಏಟು ತಿಂದವರು ಇಳಿದ ಮೇಲೆ ಅವರಿಗೇ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸುಮಿತ್ರಾ ಕಟಗೇರಿ ಅಲ್ಲಿಗೆ ಬಂದಾಗ ಅವಳಿಗೆ ಇಪ್ಪತ್ತು ವರ್ಷ. ಬಾಗಲಕೋಟೆಯ ಬಸ್ ಚಾಲಕನ ಮಗಳು. ಸಮುದ್ರ ದಾಟುವ ದೊಡ್ಡ ವಿಮಾನವನ್ನೇ ನಡೆಸಬೇಕೆಂಬ ಹಟ. ಒಂದು ಬೆಳಿಗ್ಗೆ ಇಳಿಯುವಾಗ ಅವಳು ವಿಮಾನವನ್ನು ನೆಲಕ್ಕೆ ಕುಕ್ಕಿದಳು. ಕುಶಾಲಪ್ಪನವರು ನನ್ನನ್ನು ಬೀಸಿದರು. ಅವಳ ಉಂಗುರದ ಬೆರಳಿನ ಮೂಳೆ ಲಟಕ್ಕೆಂದದ್ದು ನನಗೆ ಕೇಳಿಸಿತು. ಡಾಕ್ಟರಿಗೆ ತೋರಿಸಿದರೆ ಹಾರಲು ಅನರ್ಹಳೆಂದು ಬರೆದುಬಿಡುತ್ತಾರೆ. ಅದಕ್ಕೇ ಅವಳು ಬೆರಳಿಗೆ ಐಸ್‌ಕ್ರೀಮ್ ಕಡ್ಡಿ ಕಟ್ಟಿ ಟೇಪು ಸುತ್ತಿಕೊಂಡು, ನಾಲ್ಕನೇ ದಿನ ಮೊದಲ ಬಾರಿಗೆ ಒಬ್ಬಳೇ ಹಾರಿ ಬಂದಳು. ಅಲ್ಲಿಯ ಪದ್ಧತಿಯಂತೆ ಗೆಳೆಯರು ಅವಳ ತಲೆಗೆ ಕೆಸರುನೀರು, ಹಳೆಯ ಎಂಜಿನ್ ಆಯಿಲ್ ಸುರಿದರು. ಆ ಗದ್ದಲದಲ್ಲಿ ಕುಶಾಲಪ್ಪನವರು ನನ್ನನ್ನು ಅವಳ ಕೈಗಿಟ್ಟು, "ನಿನ್ನ ಪೈಲಟ್ ಮಾಡಿದ್ದು ಇದೇ, ಇಟ್ಕೋ" ಎಂದರು. ಪಾಪ, ಅವಳು ನಂಬಿಬಿಟ್ಟಳು.

ಮುಂದೆ ಹದಿನೆಂಟು ವರ್ಷ ನಾನು ಅವಳ ಚೀಲದಲ್ಲಿದ್ದೆ. ಅವಳು ಮೊದಲು ಫ್ಯಾನು ತಿರುಗುವ ಸಣ್ಣ ವಿಮಾನದಲ್ಲಿ ಸಹಪೈಲಟ್ ಆದಳು, ಆಮೇಲೆ ಜೆಟ್ ಹತ್ತಿದಳು, ಕೊನೆಗೆ ಭುಜಕ್ಕೆ ನಾಲ್ಕು ಪಟ್ಟಿ ಏರಿಸಿಕೊಂಡು ಕ್ಯಾಪ್ಟನ್ ಆದಳು. ಎಡಗಡೆಯ ಸೀಟು ಸಿಕ್ಕ ತಿಂಗಳೇ ನನ್ನನ್ನು ಹೊರತೆಗೆದಳು. ಮೊದಮೊದಲು ಬರೀ ಸೀಟಿನ ಕೈಗೆ ಕುಟ್ಟುತ್ತಿದ್ದಳು, ಆಮೇಲೆ ಸಹಪೈಲಟ್‌ಗಳ ಮಣಿಕಟ್ಟಿಗೆ. ಅವಳ ಜೊತೆ ಡ್ಯೂಟಿ ಬಿದ್ದರೆ ಕೆಲವರಿಗೆ ಇದ್ದಕ್ಕಿದ್ದಂತೆ ಜ್ವರ ಬರುತ್ತಿತ್ತು. ದೂರು ಮಾತ್ರ ಯಾರೂ ಕೊಡಲಿಲ್ಲ, ಕ್ಯಾಪ್ಟನ್ನಿನ ಒಳ್ಳೆಯ ಮಾತಿಲ್ಲದೆ ಯಾರಿಗೂ ಬಡ್ತಿ ಇಲ್ಲವಲ್ಲ.

ಅಂತೂ ಅವಳು ಬಯಸಿದ ದೊಡ್ಡ ವಿಮಾನ ಸಿಕ್ಕಿತು. ಆರನೇ ಹಾರಾಟದಲ್ಲಿ ಯುರೋಪಿನಿಂದ ಎಂಟು ಗಂಟೆ ಹಾರಿ ನಮ್ಮ ಕರಾವಳಿಗೆ ಬಂದಾಗ ನಡುಮಧ್ಯಾಹ್ನ, ಬಿರುಗಾಳಿ. ಬಲಗಡೆಯ ಸೀಟಿನಲ್ಲಿ ಸಹಪೈಲಟ್, ಉಡುಪಿ ಕಡೆಯ ಸುಹಾಸ ಶೆಟ್ಟಿಗಾರ. ಇಳಿಯುವ ಮುಂಚಿನ ತಪಾಸಣೆಯ ಪಟ್ಟಿ ಓದುವುದು ತಡವಾಯಿತೆಂದು ಅವನಿಗೆ ಒಂದೇಟು ಬಿತ್ತು, ಕೇಳದೆ ರೇಡಿಯೋ ಮುಟ್ಟಿದ್ದಕ್ಕೆ ಇನ್ನೊಂದು. ಗಾಳಿ ಜಾಸ್ತಿಯಿದೆ, ಇಳಿಯುವುದು ಬಿಟ್ಟು ಮತ್ತೆ ಮೇಲಕ್ಕೆ ಹೋಗೋಣವೇ ಎಂದು ಕೇಳಿದ್ದಕ್ಕೆ ಮೂರನೆಯದು, ಚರ್ಮ ಕಿತ್ತುಬರುವಂತೆ. ಆಮೇಲೆ ವಿಮಾನದ ವೇಗ ಸರ್ರನೆ ಬಿತ್ತು. ಅದನ್ನು ಕೂಗಿ ಹೇಳುವುದೇ ಅವನ ಕೆಲಸ. ಅವನು ಬಾಯಿ ತೆರೆದ, ನನ್ನನ್ನು ನೋಡಿದ, ಬಾಯಿ ಮುಚ್ಚಿದ.

ರನ್‌ವೇಗೆ ಅಪ್ಪಳಿಸಿದೆವು. ಬಲಗಡೆಯ ಚಕ್ರದ ಕಾಲು ಮುರಿದು ರೆಕ್ಕೆಯನ್ನು ಸೀಳಿತು, ಎಂಜಿನ್ ನೆಲಕ್ಕೆ ಉಜ್ಜಿ ಬೆಂಕಿ ಹೊತ್ತಿತು. ಹಿಂದೆ ಪೆಟ್ಟಿಗೆಗಳು ತಲೆಗಳ ಮೇಲೆ ಉದುರಿದವು. ಒಬ್ಬ ಗಗನಸಖಿಯ ಸೊಂಟ ಮುರಿಯಿತು, ನಲವತ್ತೊಂದು ಜನಕ್ಕೆ ಗಾಯ. ಯಾರೂ ಸಾಯಲಿಲ್ಲ, ಅದು ದೇವರ ದಯೆ. ಎಲ್ಲರನ್ನೂ ಇಳಿಸಿ ಕೊನೆಗೆ ಹೊರಡುವಾಗ ಸುಮಿತ್ರಾ ನನ್ನನ್ನು ಅಂಗಿಯ ತೋಳಿನೊಳಗೆ ತುರುಕಿಕೊಂಡಳು.

ವಿಚಾರಣೆಯಲ್ಲಿ ಕಾಕ್‌ಪಿಟ್ಟಿನ ಧ್ವನಿಮುದ್ರಣ ಹಾಕಿದರು. ಅದರಲ್ಲಿ ಮೂರು ಸಲ ನಾನು ಕೇಳಿಸಿದೆ. ಇದೇನು ಶಬ್ದವೆಂದು ತನಿಖೆಯವರು ತಲೆ ಕೆಡಿಸಿಕೊಂಡು, ಎರಡು ತಿಂಗಳು ಸುಟ್ಟ ವಿಮಾನವನ್ನು ಬಿಚ್ಚಿ ಹುಡುಕಿದ್ದರು. ಯಾವುದೋ ಕೊಂಡಿ ಸಡಿಲವಾಗಿ ಬಡಿದಿರಬೇಕು, ದೋಷ ವಿಮಾನದ್ದು ಎಂದು ಬರೆಯಲು ಹೊರಟಿದ್ದರು. ಸುಮ್ಮನಿದ್ದರೆ ಸಾಕಿತ್ತು, ನಾಲ್ಕು ಪಟ್ಟಿಯೂ ದೊಡ್ಡ ವಿಮಾನವೂ ಅವಳಿಗೇ ಉಳಿಯುತ್ತಿದ್ದವು. ಸುಹಾಸ ಮೇಜಿನ ಕೆಳಗೆ ಮಣಿಕಟ್ಟು ಹಿಡಿದುಕೊಂಡು ಕೂತಿದ್ದ.

ಚಹಾದ ಬಿಡುವಿನಲ್ಲಿ ಅವಳು ಅವನನ್ನು ಹೊರಗೆ ನಿಲ್ಲಿಸಿದಳು. ನಾನು ಅವಳ ಚೀಲದಲ್ಲಿದ್ದೆ.

"ಸ್ಪೀಡ್ ಬಿದ್ದದ್ದು ನಿನಗ ಕಾಣ್ಲಿಲ್ಲೇನು? ಯಾಕ ಹೇಳ್ಲಿಲ್ಲ?"

"ಕಂಡಿತು ಮೇಡಂ. ಹೇಳಿದ್ರೆ ಮತ್ತೆ ಹೊಡೀತೀರಿ ಅಂತ ಹೆದರಿಕೆ ಆಯ್ತು. ಸಾಯ್ತೇವೆ ಅನ್ನುವ ಹೆದರಿಕೆ ಆದದ್ದು ಅದರ ನಂತರ."

ಅವಳು ಒಳಗೆ ಹೋಗಿ ನನ್ನನ್ನು ತೆಗೆದು, ಎಲ್ಲರೆದುರು ತನ್ನ ಎಡಗೈ ಮೇಜಿನ ಮೇಲಿಟ್ಟುಕೊಂಡು ಬಲಗೈಯಿಂದ ಮೂರು ಏಟು ಹಾಕಿದಳು. ಗೆಣ್ಣಿನಿಂದ ರಕ್ತ ಬಂತು.

"ಕೊಂಡಿ ಅಲ್ರೀ. ಈ ಶಬ್ದ. ಹೊಡದಾಕಿ ನಾನು."

ಅವಳ ಲೈಸೆನ್ಸು ಅಂದೇ ಹೋಯಿತು. ನನಗೊಂದು ಚೀಟಿ ಕಟ್ಟಿ ಕಬ್ಬಿಣದ ಬೀರುವಿಗೆ ಸೇರಿಸಿದರು. ಎಷ್ಟೋ ವರ್ಷವಾಯಿತು, ಮೈಮೇಲಿನ ಲೀಟರಿನ ಗೆರೆಗಳು ಮಾಸಿವೆ. ಇಲ್ಲಿ ಮಾಡಲು ಬೇರೆ ಕೆಲಸವಿಲ್ಲ, ಆ ಮಧ್ಯಾಹ್ನವನ್ನೇ ನೆನೆಯುತ್ತೇನೆ. ನಾನು ಮರ, ಬೇಡ ಎನ್ನಲು ನನಗೆ ಬಾಯಿಲ್ಲ. ಸುಹಾಸನಿಗೆ ಇತ್ತು, ಅವನನ್ನೂ ಮರ ಮಾಡಿಬಿಟ್ಟೆ.