ಸತ್ತವನ ಸಾಕ್ಷಿ

ದೊಡ್ಡ ರಸ್ತೆಯ ಎರಡೂ ಬದಿಯಲ್ಲಿ ಒಂದೊಂದು ಸಾಲನ್ನು ಕಾರುಗಳಿಂದ ಬಿಡಿಸಿ ಬಸ್ಸಿಗೂ ಸೈಕಲ್ಲಿಗೂ ಕೊಡುತ್ತಾರಂತೆ ಎಂಬ ಸುದ್ದಿ ಹುಟ್ಟಿದಂದಿನಿಂದ ಅದೇ ರಸ್ತೆಯ ಕನ್ನಡಕದಂಗಡಿಯ ಗಂಡ ಹೆಂಡತಿ ಆ ವಿಷಯವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮಾತಾಡಿದರು. ಅವನು ಒಳಕೋಣೆಯಲ್ಲಿ ಕಣ್ಣು ಪರೀಕ್ಷಿಸಿ ಗಾಜು ಕೂರಿಸುತ್ತಿದ್ದ. ಅವಳು ಕನ್ನಡಿಯ ಮುಂದೆ ಗಿರಾಕಿಗಳ ಮುಖಕ್ಕೆ ಫ್ರೇಮು ಹೊಂದಿಸುತ್ತಿದ್ದಳು. "ನಿಮ್ಮ ಮೂಗಿಗೆ ಇದು ಭಾರ ಆಯ್ತು" ಎಂದು ಯಾರಿಗೂ ನೋವಾಗದಂತೆ ಹೇಳುವುದು ಅವಳಿಗೆ ಮಾತ್ರ ಬರುತ್ತಿತ್ತು.

ಬಾಯಿ ಬಿಡದಿರಲು ಕಾರಣವಿತ್ತು. ಹಿಂದಿನ ವರ್ಷ ಅದೇ ರಸ್ತೆಯಲ್ಲಿ ಅವಳ ತಮ್ಮ ತೀರಿಹೋಗಿದ್ದ. ಅವನು ಈಜು ಕಲಿಸುವ ಮೇಷ್ಟ್ರು, ಬೆಳಕು ಹರಿಯುವ ಮುಂಚೆ ಸೈಕಲ್ ಹತ್ತಿ ಈಜುಕೊಳಕ್ಕೆ ಹೊರಡುವವನು. ಬದಿಗೆ ನಿಂತಿದ್ದ ಕಾರಿನವರು ಹಿಂದೆ ನೋಡದೆ ಬಾಗಿಲು ತೆರೆದರು. ತಪ್ಪಿಸಿಕೊಳ್ಳಲು ಅವನು ರಸ್ತೆಯ ನಡುವಿಗೆ ಸರಿದ. ಹಿಂದೆ ಲಾರಿ ಬರುತ್ತಿತ್ತು. ತಂದೆತಾಯಿ ಇಲ್ಲದ ಹುಡುಗನನ್ನು ಅಕ್ಕನೇ ಸಾಕಿದ್ದಳು. ಅವಳು ಮದುವೆಯಾಗಿ ಬಂದಾಗ ಅವನೂ ಜೊತೆಗೇ ಬಂದಿದ್ದ. ಭಾವನಿಗೆ ಈಜು ಕಲಿಸಲು ಹೋಗಿ ಸೋತು, "ಭಾವ, ಮುಳುಗೋದ್ರಲ್ಲಿ ನಿಮ್ಮದು ಎತ್ತಿದ ಕೈ" ಎಂದು ಊಟದ ಹೊತ್ತಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದ.

ಆದರೆ ಹೊಟ್ಟೆಪಾಡೂ ಸುಳ್ಳಲ್ಲವಲ್ಲ. ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಮಕ್ಕಳು ಕಾರಿನಲ್ಲಿ ತಂದು ಬಾಗಿಲಲ್ಲೇ ಇಳಿಸಬೇಕು. ಕಾರು ನಿಲ್ಲುವ ಜಾಗ ಹೋದರೆ ಅವರೂ ಹೋದಂತೆ. ಅವನಿಗೆ ಅತ್ತ ದರಿ, ಇತ್ತ ಪುಲಿ.

ದಾರಿಯ ಬಗ್ಗೆ ಜನರ ಅಭಿಪ್ರಾಯ ಕೇಳಲು ಕರೆದಿದ್ದ ಸಭೆಗೆ ಎರಡು ದಿನ ಇರುವಾಗ ವರ್ತಕರ ಸಂಘದ ಅಧ್ಯಕ್ಷ, ಟೈಲ್ಸ್ ಅಂಗಡಿಯವರು, ಒಳಕೋಣೆಗೇ ಬಂದು ಕೂತರು.

"ಸಭೇಲಿ ನೀವು ಮಾತಾಡ್ಬೇಕು."

"ನಿಮ್ಮಷ್ಟು ಮಾತು ನನಗೆಲ್ಲಿ ಬರುತ್ತೆ?"

"ಭಾಷಣ ಬೇಡ್ರೀ. 'ನಮ್ಮನೆ ಹುಡುಗನನ್ನ ಕಳ್ಕೊಂಡ ನಾನೇ ಈ ದಾರಿ ಬೇಡ ಅಂತಿದ್ದೀನಿ' ಅನ್ನಿ, ಸಾಕು. ಆ ಕಡೆಯವರ ಬಾಯಿಗೆ ಬೀಗ ಬೀಳುತ್ತೆ."

ಅವನು ಒರೆಸಿದ್ದ ಗಾಜನ್ನೇ ಮತ್ತೆ ಒರೆಸತೊಡಗಿದ; ಊಹೂಂ ಎನ್ನುವ ಧೈರ್ಯ ಬರಲಿಲ್ಲ.

ಅದೇ ಸಂಜೆ, ದಾರಿ ಬೇಕೆನ್ನುತ್ತಿದ್ದ ಈಜುಕೊಳದ ಕಡೆಯವರು ಅವಳನ್ನು ನೋಡಲು ಬಂದರು. ತಮ್ಮನ ಫೋಟೊವನ್ನು ಆಳೆತ್ತರ ಮಾಡಿಸಿ ತಂದಿದ್ದರು. ಒದ್ದೆ ತಲೆಗೂದಲು, ಬಾಯ್ತುಂಬ ನಗು. "ಅಕ್ಕ, ನೀವು ಇದನ್ನ ಹಿಡ್ಕೊಂಡು ಮೊದಲನೇ ಸಾಲಲ್ಲಿ ಕೂತ್ಕೊಂಡ್ರೆ ಯಾರೂ ತುಟಿ ಬಿಚ್ಚಲ್ಲ" ಎಂದರು. ಅವಳು ಫೋಟೊ ಇಸಿದುಕೊಂಡು, ಅವರು ಹೋದ ಮೇಲೆ ಅದರ ಮುಖವನ್ನು ಗೋಡೆಗೆ ತಿರುಗಿಸಿ ಇಟ್ಟಳು.

ಊಟಕ್ಕೆ ಬಡಿಸುತ್ತ ಅವಳೇ ಕೇಳಿದಳು. "ಟೈಲ್ಸಿನವರು ಹೇಳ್ಕೊಟ್ಟಿದ್ದನ್ನ ಹೇಳ್ತೀರಾ?"

"ಕೇಳಿಸ್ಕೊಂಡ್ಯಾ?"

"ಅವರ ಗಂಟಲು ಆಚೆ ಬೀದಿಗೂ ಕೇಳುತ್ತೆ."

"ಅಂಗಡಿ ಮುಚ್ಚೋ ಹಾಗಾದ್ರೆ ನಾವೇನ್ ಮಾಡೋಣ, ನೀನೇ ಹೇಳು."

"ಅದನ್ನೇ ಹೇಳಿ. ಅದು ನಿಮ್ಮ ಸಂಕಟ, ಯಾರೂ ತಪ್ಪು ತಿಳ್ಕೊಳ್ಳಲ್ಲ. ಅವನ ಸಾವನ್ನ ಮಾತ್ರ ಎಳೆದು ತರಬೇಡಿ." ಇನ್ನೊಂದು ಸೌಟು ಸಾರು ಬಡಿಸಿದಳು. "ನಾನೂ ತರಲ್ಲ."

ಸಭೆ ನಡೆದದ್ದು ಶಾಲೆಯೊಂದರ ಹಾಲಿನಲ್ಲಿ. ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿಕೊಂಡು ದೊಡ್ಡವರು ಮಕ್ಕಳಿಗಿಂತ ಕೆಟ್ಟದಾಗಿ ಕಿರುಚಾಡುತ್ತಿದ್ದರು. ಒಬ್ಬರು ಬಸ್ಸೇ ಬರುವುದಿಲ್ಲ ಎಂದರೆ, ದಾರಿಯೇ ಇಲ್ಲದೆ ಬಸ್ಸು ಹಾರಿಕೊಂಡು ಬರಬೇಕಾ ಎಂದು ಇನ್ನೊಬ್ಬರು. ಸಂಘದ ಅಧ್ಯಕ್ಷರು ಕನ್ನಡಕದವನ ಹೆಸರು ಕೂಗಿದಾಗ ಗದ್ದಲ ಅಡಗಿತು. ಅವನು ಯಾರೆಂದು ಎಲ್ಲರಿಗೂ ಗೊತ್ತಿತ್ತು.

"ನನಗೆ ಈ ದಾರಿ ಬೇಡ" ಎಂದ. "ಯಾಕಂದ್ರೆ ನನ್ನ ಅಂಗಡಿ ಉಳಿಯಲ್ಲ ಅಂತ ಭಯ. ಕಾರಣ ಅಷ್ಟೇ. ನನ್ನ ಭಾಮೈದನ ಹೆಸರನ್ನ ಇದಕ್ಕೆ ಯಾರೂ ತರಬೇಡಿ. ಈ ಕಡೆಯವರೂ ಬೇಡ, ಆ ಕಡೆಯವರೂ ಬೇಡ."

ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಅವನು ಕೂರುವಷ್ಟರಲ್ಲಿ ಪಕ್ಕದಲ್ಲಿದ್ದ ಹೆಂಡತಿ ಎದ್ದಳು. ಬರಿಗೈಯಲ್ಲಿ ಬಂದಿದ್ದಳು.

"ನನಗೆ ಬೇಕು" ಎಂದಳು.

ಹಿಂದಿನ ಬೆಂಚಿನಿಂದ ಯಾರೋ, "ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು!" ಎಂದರು. ನಗು ಎದ್ದಿತು. ಅದು ಅಡಗುವ ತನಕ ಅವಳು ಕಾದಳು.

"ನನ್ನ ತಮ್ಮ ಇದ್ದಿದ್ರೆ ಬೇಕು ಅಂತಿದ್ನೋ ಬೇಡ ಅಂತಿದ್ನೋ, ಈಗ ಕೇಳೋ ಹಾಗಿಲ್ಲ. ನನ್ನ ಮಾತು ಹೇಳ್ತೀನಿ. ಬೆಳಗ್ಗೆ ಸೈಕಲ್ ಬೆಲ್ಲು ಕೇಳಿದ್ರೆ ನನ್ನ ಎದೆ ಹಿಡ್ಕೊಳ್ಳುತ್ತೆ. ಯಾರ ಮನೆಯವರು ಹೋಗ್ತಿದ್ದಾರೋ, ಮನೆ ಸೇರ್ತಾರೋ ಇಲ್ವೋ ಅಂತ. ನಮ್ಮ ಯಜಮಾನ್ರು ಹೇಳಿದ್ದು ನಿಜ, ಅಂಗಡಿಗೆ ಪೆಟ್ಟು ಬೀಳುತ್ತೆ. ಆ ಪೆಟ್ಟು ತಿನ್ನೋರಲ್ಲಿ ನಾನೂ ಒಬ್ಬಳು. ಆದ್ರೂ ಬೇಕು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮನೆಗೆ ನಡೆದು ಹೋಗುವಾಗ ಟೈಲ್ಸಿನವರು ಎದುರಾಗಿ ಮುಖ ತಿರುಗಿಸಿದರು. ಈಜುಕೊಳದವರೂ ಅವಳನ್ನು ಮಾತಾಡಿಸಲಿಲ್ಲ. ತುಂತುರು ಮಳೆಯಲ್ಲಿ ಗಂಡ ಹೆಂಡತಿ ಒಂದೇ ಕೊಡೆಯ ಕೆಳಗೆ ನಡೆದರು.

ಕೊನೆಗೆ ದಾರಿ ಆಯಿತು. ಅವನು ಹೆದರಿದ್ದೂ ಆಯಿತು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು. ಅವಳು ಫ್ರೇಮುಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಬಸ್ಸು ಹತ್ತಿ, ನಡೆಯಲಾಗದವರ ಮನೆಗೇ ಹೋಗತೊಡಗಿದಳು. ಕೆಲವರು ಉಳಿದರು. ಹೋದವರೇ ಹೆಚ್ಚು.

ಒಂದು ಬೆಳಗ್ಗೆ ಅವರ ಹಳೆಯ ಗಿರಾಕಿಯಾದ ಡಾಕ್ಟರು ಕಾರನ್ನು ತಂದು ಆ ಹೊಸ ಸಾಲಿನಲ್ಲೇ ನಿಲ್ಲಿಸಿದರು. ಅವನು ಅಂಗಡಿಯಿಂದ ಓಡಿಬಂದ. "ಸಾರ್, ಇಲ್ಲಿ ನಿಲ್ಲಿಸಬೇಡಿ."

"ಇದು ಬೇಡ ಅಂದೋರು ನೀವೇ ಅಲ್ವೇನ್ರೀ?"

"ಈಗ್ಲೂ ಅದನ್ನೇ ಅಂತೀನಿ ಸಾರ್. ಆದ್ರೂ ಕಾರು ತೆಗೀರಿ."

ಡಾಕ್ಟರು ಗೊಣಗುತ್ತ ಬಾಗಿಲ ಹಿಡಿಗೆ ಕೈ ಹಾಕಿದರು. ಹಿಂದಿನಿಂದ ಸೈಕಲ್ ಬರುತ್ತಿತ್ತು. ಅವನು ಎರಡೂ ಕೈಯಿಂದ ಬಾಗಿಲನ್ನು ಒತ್ತಿ ಹಿಡಿದ. ಒಳಗಿನಿಂದ ಅವರು ತಳ್ಳಿದರು, ಅವನು ಬಿಡಲಿಲ್ಲ. ಸೈಕಲ್ಲಿನ ಹೆಂಗಸು ಇದಾವುದನ್ನೂ ಗಮನಿಸದೆ ಪಕ್ಕದಲ್ಲೇ ದಾಟಿಹೋದಳು.

ಡಾಕ್ಟರು ಸಿಟ್ಟಿನಿಂದ ಕಾರು ಓಡಿಸಿಕೊಂಡು ಹೊರಟುಹೋದರು. ಅವರು ಮತ್ತೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವನು ಆ ಸಾಲಿನ ಅಂಚಿನಲ್ಲೇ ನಿಂತಿದ್ದ. ಪೆಟ್ಟಿಗೆ ಹಿಡಿದು ಬಸ್ಸಿಗೆ ಹೊರಟಿದ್ದ ಹೆಂಡತಿ ಅದನ್ನು ಮೆಟ್ಟಿಲ ಮೇಲಿಟ್ಟು ಇಳಿದು ಬಂದಳು. ಅವನ ಮುಂಗೈ ಹಿಡಿದುಕೊಂಡು, "ಒಳಗೆ ಬನ್ನಿ. ಬಸ್ಸು ಇನ್ನೊಂದು ಬರುತ್ತೆ" ಎಂದಳು.