ನಾಲ್ಕು ಗೋಡೆಯ ಅಕ್ಷರ

ಫೋನಿಗೆ ಇನ್ನೂ ಕಣ್ಣು ಬಂದಿರದ ಕಾಲದ ಮಾತು ಇದು. ಪುಸ್ತಕದ ಮುಂದೆ ಫೋನು ಹಿಡಿದರೆ ಅದೇ ಓದಿ ಹೇಳುವ ಸೌಕರ್ಯ ಆಗ ಇರಲಿಲ್ಲ. ಓದಬೇಕಾದವರು ತಾವೇ ಓದಬೇಕಿತ್ತು, ಬರೆಯಬೇಕಾದವರು ತಾವೇ ಬರೆಯಬೇಕಿತ್ತು.

ಗ್ರಂಥಪಾಲಕಿಯ ಗಂಡ ಹಡಗಿನಲ್ಲಿ ಅಡುಗೆಯವರಾಗಿದ್ದರು. ಇಪ್ಪತ್ತಾರು ವರ್ಷ ಸಮುದ್ರದ ಮೇಲೆ ಬೇಯಿಸಿ ಬಡಿಸಿದವರು. ಜೊತೆಯವರು ಬಂದರುಗಳಿಂದ ಸೆಂಟು, ರೇಡಿಯೋ ತಂದರೆ ಇವರು ಪುಸ್ತಕ ತರುತ್ತಿದ್ದರು. ಹೀಗೆ ಸೇರಿದವು ನೂರ ಅರವತ್ತು: ಜಪಾನಿನವು ಎಪ್ಪತ್ತು, ಕೊರಿಯದವು ನಲವತ್ತೊಂಬತ್ತು, ಚೀನದವು ನಲವತ್ತೊಂದು. ಜಪಾನಿ ಮತ್ತು ಕೊರಿಯನ್ನನ್ನು ಅವರು ಅಷ್ಟಿಷ್ಟು ಕಲಿತಿದ್ದರು. ಆ ಪುಸ್ತಕಗಳಲ್ಲಿ ಹೆಸರನ್ನು ಹೇಗೆ ಉಚ್ಚರಿಸಬೇಕು, ಅರ್ಥವೇನು ಎಂದು ನಮ್ಮ ಅಕ್ಷರದಲ್ಲಿ ಬರೆದ ಚೀಟಿ ಇಟ್ಟಿದ್ದರು. ಚೀನಿ ಪುಸ್ತಕಗಳಲ್ಲಿ ಚೀಟಿ ಇರಲಿಲ್ಲ. ಅವನ್ನು ಓದುವುದಕ್ಕಲ್ಲ, ರಟ್ಟು ಚೆನ್ನಾಗಿದೆ ಎಂದು ತಂದಿದ್ದರು.

ಹಾಸಿಗೆ ಹಿಡಿದಾಗ ಅವರು ಹೆಂಡತಿಗೆ ಹೇಳಿದ್ದರು: "ನನ್ನ ಪುಸ್ತಕ ಮನೇಲಿ ಧೂಳು ತಿನ್ನೋದು ಬೇಡ. ನಿನ್ನ ಲೈಬ್ರರೀಲಿ ಇಟ್ಕೋ. ಹಗಲೆಲ್ಲ ನಿನ್ನ ಕಣ್ಣ ಮುಂದೆ ಇರ್ತಾವೆ."

ದೇವರು ಅವರನ್ನು ಕರೆದುಕೊಂಡು ಐದು ತಿಂಗಳಾಗಿತ್ತು. ಆಕೆ ಪುಸ್ತಕಗಳನ್ನು ತಂದು, ತಾನು ಕೂರುವ ಮೇಜಿನ ಎದುರಿನ ಗಾಜಿನ ಕಪಾಟಿನಲ್ಲಿ ಜೋಡಿಸಿದಳು. ಬೆಳಿಗ್ಗೆ ಬೀಗ ತೆಗೆದ ಮೇಲೆ ಕೈಮುಗಿದು ಪ್ರಾರ್ಥನೆ ಹೇಳಿ, ಆ ಕಪಾಟಿನ ಗಾಜು ಒರೆಸಿಯೇ ಬೇರೆ ಕೆಲಸ.

ಗ್ರಂಥಾಲಯದ ಅಧ್ಯಕ್ಷರು ಒಂದು ಸೋಮವಾರ ಆ ಕಪಾಟಿನ ಮುಂದೆ ನಿಂತರು. ಕೆಟ್ಟವರಲ್ಲ, ಕಟ್ಟುನಿಟ್ಟಿನವರು. ಸ್ವಂತ ಮಗಳು ಪುಸ್ತಕವನ್ನು ಒಂದು ದಿನ ತಡವಾಗಿ ತಂದಳೆಂದು ಅವಳ ಕಾರ್ಡನ್ನು ಒಂದು ತಿಂಗಳು ತಡೆಹಿಡಿದಿದ್ದವರು.

"ಇವು ನಮ್ಮ ಪಟ್ಟಿಯಲ್ಲಿ ಇದಾವೇನಮ್ಮ?"

"ಇನ್ನೂ ಇಲ್ಲ ಸಾರ್."

"ಪಟ್ಟಿಯಲ್ಲಿ ಇಲ್ಲದ್ದು ಪುಸ್ತಕ ಅಲ್ಲ, ಕಾಗದ. ಶನಿವಾರ ಹತ್ತು ಗಂಟೆಗೆ ರದ್ದಿಯವನು ಬರ್ತಾನೆ. ಮುಖಪುಟದ ಮೇಲೆ ಹೇಗಿದೆಯೋ ಅದೇ ಅಕ್ಷರದಲ್ಲಿ ಹೆಸರು ಪಟ್ಟಿಗೆ ಬಂದಿದ್ರೆ ಉಳೀತು. ಇಲ್ಲದಿದ್ರೆ ಹೋಯ್ತು. ನಿಮ್ಮ ಯಜಮಾನರದ್ದು ಅಂತ ನಿಯಮ ಬದಲಾಯಿಸೋಕೆ ನನ್ನಿಂದ ಆಗಲ್ಲ. ಬೇಜಾರು ಮಾಡ್ಕೋಬೇಡಿ."

ಆಕೆಗೆ ಬೇಜಾರು ಮಾಡಿಕೊಳ್ಳುವುದಕ್ಕೂ ಸಮಯವಿರಲಿಲ್ಲ. ಗ್ರಂಥಾಲಯದ ಪಟ್ಟಿ ಇದ್ದದ್ದು ಕಂಪ್ಯೂಟರಿನ ಒಂದು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ, ಒಂದು ಸಾಲಿಗೆ ಒಂದು ಪುಸ್ತಕ. ಕಂಪ್ಯೂಟರ್ ಅಂಗಡಿಯ ಹುಡುಗಿ ಅದೇ ಮಧ್ಯಾಹ್ನ ಬಂದು ಮೂರು ಭಾಷೆಗಳನ್ನೂ ಹಾಕಿಕೊಟ್ಟು, ಒಂದು ಗಂಟೆ ಪಾಠ ಹೇಳಿ ಹೋದಳು.

ಜಪಾನಿ ಸುಲಭವಾಗಿ ಒಗ್ಗಿತು. ಚೀಟಿಯಲ್ಲಿರುವ ಉಚ್ಚಾರವನ್ನು ಇಂಗ್ಲಿಷ್ ಕೀಲಿಗಳಲ್ಲಿ ಒತ್ತಿದರೆ ಶಬ್ದ ಮೂಡುತ್ತದೆ, ಅದರ ಕೆಳಗೊಂದು ಗೆರೆ ಇರುತ್ತದೆ. ಗೆರೆ ಇರುವ ತನಕ ಅದಿನ್ನೂ ಮಾತು ಕೊಟ್ಟಿಲ್ಲ, ಬದಲಾಗಬಹುದು ಎಂದರ್ಥ. ಉದ್ದದ ಕೀಲಿ ಒತ್ತಿದರೆ ಅದೇ ಉಚ್ಚಾರದ ಅಕ್ಷರಗಳೆಲ್ಲ ವರಸೆಯಾಗಿ ನಿಲ್ಲುತ್ತವೆ. ಮುಖಪುಟಕ್ಕೆ ಹೋಲಿಸಿ ಒಂದನ್ನು ಆರಿಸಬೇಕು. ತೋಟಗಾರಿಕೆಯ ಒಂದು ಪುಸ್ತಕದ ಚೀಟಿಯಲ್ಲಿ ಹೀಗಿತ್ತು: "ಹನಾ. ಹೂವು. ಮೂಗಿಗೂ ಇದೇ ಹೆಸರು, ಜೋಪಾನ." ಆಕೆ ಒಬ್ಬಳೇ ಕೂತು ನಕ್ಕಳು. ಐದು ತಿಂಗಳಲ್ಲಿ ಅದು ಮೊದಲನೆಯ ನಗು. ವರಸೆಯಲ್ಲಿ ಮೂಗನ್ನು ಬಿಟ್ಟು ಹೂವನ್ನು ಹುಡುಕಿ ಆರಿಸಿದಳು.

ಕೊರಿಯನ್ನಿನಲ್ಲಿ ಆರಿಸುವ ಕಷ್ಟವೂ ಇರಲಿಲ್ಲ. ಅಕ್ಷರದ ಎರಡು ಮೂರು ತುಂಡು ಒತ್ತಿದರೆ ಅವು ತಾವೇ ಸರಿದು ಜಾಗ ಮಾಡಿಕೊಂಡು ಒಂದು ಚೌಕದಲ್ಲಿ ಕೂರುತ್ತಿದ್ದವು, ಹೊಂದಿಕೊಂಡು ಬಾಳುವ ಅತ್ತೆ ಸೊಸೆಯರ ಹಾಗೆ. ಆದರೆ ಮಂಗಳವಾರ ಸಂಜೆ ಆ ದಿನದ್ದನ್ನು ಬೇರೆ ಫೈಲಾಗಿ ಉಳಿಸುವಾಗ ಆಕೆ ಎಲ್ಲ ಲಿಪಿಗಳನ್ನೂ ಹಿಡಿದಿಡುವ ಯೂನಿಕೋಡ್ ಎಂಬುದನ್ನು ಆರಿಸದೆ ಹಳೆಯ ಅಭ್ಯಾಸದ ಮೇಲೆ ಉಳಿಸಿಬಿಟ್ಟಳು. ಬುಧವಾರ ಬೆಳಿಗ್ಗೆ ತೆರೆದರೆ ಮಂಗಳವಾರ ಹೊಡೆದ ಮೂವತ್ತು ಸಾಲುಗಳಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ.

ಆ ಹೊತ್ತಿಗೆ ಮೈದುನ ಬಂದ. ಗಂಡನ ತಮ್ಮ, ಬೋರ್ಡು ಬರೆಯುವವನು. ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ, ಎಲ್ಲರಿಗೂ ಕುಂಚಪ್ಪ.

"ಏನತ್ತಿಗೆ, ಇಷ್ಟೊಂದು ಪ್ರಶ್ನೆ ಯಾರಿಗೆ ಕೇಳ್ತಿದೀರಿ?"

"ದೇವರಿಗೆ."

"ಉತ್ತರ ಬಂತಾ?"

"ಇನ್ನೊಂದ್ ಸಲ ಹೊಡಿ ಅಂದ."

ಆಕೆ ಇನ್ನೊಂದು ಸಲ ಹೊಡೆದಳು. ಬುಧವಾರ ಮುಗಿಯುವಷ್ಟರಲ್ಲಿ ನೂರ ಹತ್ತೊಂಬತ್ತು ಪುಸ್ತಕ ಪಟ್ಟಿಗೆ ಬಂದವು. ಉಳಿದದ್ದು ಚೀನದ ನಲವತ್ತೊಂದು. ಉಚ್ಚಾರ ಗೊತ್ತಿಲ್ಲ, ಚೀಟಿಯಿಲ್ಲ, ಊರಿನಲ್ಲಿ ಓದಬಲ್ಲವರು ಯಾರೆಂದು ತಿಳಿಯದು.

"ಉಚ್ಚಾರ ಗೊತ್ತಿಲ್ಲದಿದ್ರೆ ಗೆರೆ ಎಣಿಸಿ ಹೊಡೀಬಹುದು ಅಂತ ಆ ಹುಡುಗಿ ಹೇಳಿದ್ಲು," ಎಂದಳು ಗ್ರಂಥಪಾಲಕಿ. "ಐದೇ ಕೀಲಿ ಸಾಕಂತೆ. ಅಡ್ಡ, ಉದ್ದ, ಎಡಕ್ಕೆ ಜಾರೋದು, ಚುಕ್ಕೆ, ತಿರುವು. ಗೆರೆ ಹಾಕಿದ ಹಾಗೇ ಒಂದೊಂದಾಗಿ ಒತ್ತಿದ್ರೆ ಅಕ್ಷರ ಬರುತ್ತಂತೆ. ನನಗೆ ಅದು ಕಬ್ಬಿಣದ ಕಡಲೆ."

ಕುಂಚಪ್ಪ ತೋಳು ಮಡಚಿದ. "ಗೆರೆ ಅಂದ್ರೆ ನನ್ನ ಕೆಲಸ. ಐದು ಲಿಪೀಲಿ ಬೋರ್ಡು ಬರೆದಿದೀನಿ, ಓದೋಕೆ ಬರೋದು ಒಂದೇ. ಅಣ್ಣನ ಪುಸ್ತಕಕ್ಕೆ ಇಷ್ಟೂ ಮಾಡದೇ ಇರ್ತೀನಾ? ನಾಳೆ ಸಂಜೆಗೆ ಮುಗಿಸಿ ಕೊಡ್ತೀನಿ, ನೀವು ಆರಾಮವಾಗಿ ಚಹಾ ಕುಡೀರಿ."

"ಬಾಯಲ್ಲಿ ಬೆಟ್ಟ ಕಿತ್ತಿಡ್ತೀಯ."

"ಕುಂಚದಲ್ಲಿ ಇಟ್ಟು ತೋರಿಸ್ತೀನಿ."

ಗುರುವಾರ ಬೆಳಿಗ್ಗೆಯಿಂದ ಅವನು ಕಂಪ್ಯೂಟರಿನ ಮುಂದೆ ಕೂತ. ಸರಳವಾದ ಅಕ್ಷರಗಳು ಬಂದವು. ಆದರೆ ಅರ್ಧಕ್ಕಿಂತ ಹೆಚ್ಚು ಪುಸ್ತಕಗಳ ಮೇಲೆ ಯಾವುದಾದರೊಂದು ಗೋಡೆ ಕಟ್ಟಿದ ಅಕ್ಷರವಿತ್ತು: ಸುತ್ತ ನಾಲ್ಕು ಗೋಡೆ, ಒಳಗೆ ಏನೋ ಗೆರೆಗಳು. ಅವನು ಗೋಡೆ ಒತ್ತಿದ, ಒಳಗಿನದು ಒತ್ತಿದ. ಯಂತ್ರ ಬೇರೆ ಯಾವುದೋ ಅಕ್ಷರ ತೋರಿಸುವುದು, ಇಲ್ಲವೇ ಏನನ್ನೂ ತೋರಿಸದೆ ಸುಮ್ಮನಾಗುವುದು. ಸಂಜೆಗೆ ಮುಗಿದದ್ದು ಹದಿನೈದು ಪುಸ್ತಕ. ಉಳಿದ ಇಪ್ಪತ್ತಾರಕ್ಕೂ ಗೋಡೆ ಅಡ್ಡ ಬಂದಿತ್ತು.

"ಚಹಾ ಆರಿಹೋಯ್ತಪ್ಪ," ಎಂದಳು ಅತ್ತಿಗೆ.

"ಚುಚ್ಚಬೇಡಿ ಅತ್ತಿಗೆ. ಕಂಪ್ಯೂಟರಿಗೆ ಕಣ್ಣಿಲ್ಲ."

ಅವನು ತಮಾಷೆಯಾಗಿಯೇ ಹೇಳಿದ. ಆದರೆ ಆಕೆ ಕಪಾಟಿನಲ್ಲಿ ಚೀನಿ ಪುಸ್ತಕಗಳಿದ್ದ ಕೆಳಗಿನ ಎರಡು ಸಾಲುಗಳನ್ನು ನೋಡುತ್ತಾ ನಿಂತದ್ದನ್ನು ಕಂಡು ಇನ್ನೊಂದು ಸಲ ಕೀಲಿಗಳ ಮೇಲೆ ಬಗ್ಗಿದ.

ಶುಕ್ರವಾರ ಬೆಳಿಗ್ಗೆ ಅವನ ಅಂಗಿಯ ಗುಂಡಿ ಕಿತ್ತುಬಂತು. ಬರುವ ದಾರಿಯಲ್ಲಿ ಗುಂಡಿ ಅಜ್ಜಿಯ ಅಂಗಡಿಗೆ ಹೋದ. ದಾರ, ಸೂಜಿ, ಗುಂಡಿ ಮಾರುವ ಚಿಕ್ಕ ಅಂಗಡಿ. ಅಜ್ಜಿ ಎಂಟು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಹಡಗಿನಲ್ಲಿ ಬಂದವಳು. ಎಲ್ಲಿಂದ ಬಂದಳೆಂಬುದನ್ನು ಊರೂ ಮರೆತಿತ್ತು, ಮುಕ್ಕಾಲು ಪಾಲು ಅವಳೂ ಮರೆತಿದ್ದಳು. ಅಜ್ಜಿ ಗುಂಡಿ ಹುಡುಕುವಾಗ ಕುಂಚಪ್ಪನ ಬೆರಳು ತನ್ನ ಪಾಡಿಗೆ ಗಾಜಿನ ಮೇಲಿನ ಧೂಳಿನಲ್ಲಿ ಆ ಅಕ್ಷರ ಬರೆಯಿತು. ಮೊದಲು ಚೌಕಟ್ಟು, ಆಮೇಲೆ ಒಳಗಿನ ಗೆರೆ.

ಅಜ್ಜಿ ಅವನ ಬೆರಳ ಮೇಲೆ ಅಳತೆಪಟ್ಟಿಯಿಂದ ಮೆಲ್ಲಗೆ ಹೊಡೆದಳು.

"ಯಾರಯ್ಯ ನಿಂಗೆ ಕಲಿಸಿದ್ದು? ಜನ ಒಳಗೆ ಹೋಗೋಕೆ ಮುಂಚೆ ಬಾಗಿಲು ಹಾಕ್ಬಿಟ್ಯಲ್ಲ."

"ಇದು ಮನೆಯಲ್ಲ ಅಜ್ಜಿ, ಅಕ್ಷರ."

"ಮನೆಯೇ. ಮೊದ್ಲು ಎಡಗೋಡೆ. ಆಮೇಲೆ ಸೂರು, ಹಾಗೇ ಕೈ ಎತ್ತದೆ ಬಲಗೋಡೆ. ಆಮೇಲೆ ಜನ ಒಳಗೆ. ಎಲ್ರೂ ಬಂದ ಮೇಲೆ ಕೆಳಗಿನ ಬಾಗಿಲು. ನಿಂದು ಬರೀ ಬೀಗ ಹಾಕಿದ ಮನೆ, ಒಳಗೆ ಯಾರು ಹೋಗ್ತಾರೆ?"

"ನಿಮಗೆ ಇದನ್ನ ಓದೋಕೆ ಬರುತ್ತಾ?"

"ಎರಡೇ ವರ್ಷ ಶಾಲೆ. ಓದಿದ್ದು ಮರೆತೆ. ಕೈಗೆ ಬಿದ್ದ ಬೆತ್ತ ಮರೆತಿಲ್ಲ."

ಬೋರ್ಡು ಬರೆಯುವವನು ಮೊದಲು ಚೌಕಟ್ಟು ಎಳೆದು ಆಮೇಲೆ ಒಳಗೆ ತುಂಬುತ್ತಾನೆ. ಮೂವತ್ತು ವರ್ಷದ ಆ ಕೈರೂಢಿಯೇ ಅಡ್ಡ ಬಂದಿತ್ತು. ಕುಂಚಪ್ಪ ಗುಂಡಿಯನ್ನೂ ತೆಗೆದುಕೊಳ್ಳಲಿಲ್ಲ, ಅಜ್ಜಿಯನ್ನೇ ಕರೆದುಕೊಂಡು ಹೊರಟ. ಅಜ್ಜಿ ಅಂಗಡಿಯ ಬಾಗಿಲಿಗೆ "ಈಗ ಬರುತ್ತೇನೆ" ಎಂಬ ಹಲಗೆ ನೇತುಹಾಕಿದಳು. ಎರಡು ದಿನ ಅದು ಅಲ್ಲೇ ನೇತಾಡಿತು.

ಅಜ್ಜಿ ಹೇಳುವುದು, ಕುಂಚಪ್ಪ ಒತ್ತುವುದು. "ಎಡಗೋಡೆ. ತಿರುವು. ಈಗ ಒಳಗಿನವರು. ಅಡ್ಡ, ಅಡ್ಡ, ಉದ್ದ, ಅಡ್ಡ, ಚುಕ್ಕೆ. ಬಾಗಿಲು ಹಾಕು." ವರಸೆಯ ತಲೆಯಲ್ಲೇ ಅಕ್ಷರ ಬಂದು ನಿಂತಿತು. ಗ್ರಂಥಪಾಲಕಿ ಮುಖಪುಟ ಹಿಡಿದು ಹೋಲಿಸಿದಳು. ಅದೇ ಅಕ್ಷರ. ಆಕೆಯ ಬಾಯಿಂದ "ದೇವರೇ" ಎಂಬುದಷ್ಟೇ ಬಂತು.

ಆದರೂ ಕೆಲಸ ಓಡಲಿಲ್ಲ. ಅಜ್ಜಿಯ ಕಣ್ಣಿಗೆ ಸಣ್ಣ ಅಕ್ಷರ ಕಾಣದು. ಕುಂಚಪ್ಪ ಒಂದೊಂದು ಹೆಸರನ್ನೂ ಕಾಗದದ ಮೇಲೆ ಅಂಗೈಯಗಲ ಬಿಡಿಸಿ ತೋರಿಸಬೇಕು. ನಡುನಡುವೆ ಇಬ್ಬರಿಗೂ ಜಗಳ. "ಅದು ಚುಕ್ಕೆ ಅಲ್ಲ, ನೊಣ ಕೂತಿರೋದು," ಎಂದು ಅವನು. "ನೊಣ ಎದ್ದು ಹೋಗುತ್ತೆ, ಇದು ಹೋಗಲ್ಲ, ಒತ್ತು," ಎಂದು ಅಜ್ಜಿ. ಶನಿವಾರ ಹತ್ತಕ್ಕೆ ಅಧ್ಯಕ್ಷರು ಒಳಗೆ ಕಾಲಿಟ್ಟಾಗ, ರದ್ದಿಯವನ ಗಾಡಿ ಬಾಗಿಲ ಮುಂದೆ ನಿಂತಾಗ, ಇನ್ನೂ ಮೂರು ಪುಸ್ತಕ ಉಳಿದಿದ್ದವು.

ಗ್ರಂಥಪಾಲಕಿ ಮುಗಿದಷ್ಟನ್ನು ಮುದ್ರಿಸಿ ಹಾಳೆಗಳನ್ನು ಅವರ ಕೈಗಿಟ್ಟಳು. ಸುಳ್ಳು ಹೇಳುವುದು ಆಕೆಗೆ ಗೊತ್ತಿರಲಿಲ್ಲ.

"ಮೂರು ಬಾಕಿ ಇವೆ ಸಾರ್. ಹೊಡೀತಾ ಇದ್ದಾರೆ."

"ಹತ್ತು ಗಂಟೆ ಅಂದಿದ್ದೆ."

"ಹೌದು ಸಾರ್."

ಅಧ್ಯಕ್ಷರು ಗಡಿಯಾರ ನೋಡಿದರು. "ನಾನು ಪರೀಕ್ಷೆ ಮಾಡಿ ಮುಗಿಸಿದಾಗ ಪಟ್ಟಿಯಲ್ಲಿ ಏನಿದೆಯೋ ಅದು ಲೆಕ್ಕ," ಎಂದರು. ಕನ್ನಡಕ ಏರಿಸಿ, ಸ್ಕೇಲು ತರಿಸಿಕೊಂಡು, ಸ್ಟೂಲು ಎಳೆದು ಕಪಾಟಿನ ಮೇಲಿನ ಸಾಲಿನಿಂದ ಶುರು ಮಾಡಿದರು. ಯಾರಾದರೂ ನಾಲ್ಕು ಪುಸ್ತಕ ನೋಡಿ ಬಿಡುತ್ತಿದ್ದರು. ಇವರು ಹಾಗಲ್ಲ. ಒಂದೊಂದು ಅಕ್ಷರದ ಕೆಳಗೂ ಸ್ಕೇಲಿಟ್ಟು ಮುಖಪುಟಕ್ಕೆ ತಾಳೆ ನೋಡಿದರು. ತೋಟಗಾರಿಕೆಯ ಪುಸ್ತಕದ ಹತ್ತಿರ ಎರಡು ನಿಮಿಷ ನಿಂತು, "ಹೂಂ, ಸರಿ," ಎಂದರು. ರದ್ದಿಯವನು ಗಾಡಿಯ ಮೇಲೆ ಮಲಗಿ ನಿದ್ದೆ ಮಾಡಿದ.

"ಈ ಮನುಷ್ಯ ನೂರು ವರ್ಷ ಬಾಳಲಿ," ಎಂದು ಕುಂಚಪ್ಪ ಪಿಸುಗುಟ್ಟಿದ.

"ಬಾಯಿ ಮುಚ್ಚು, ಚುಕ್ಕೆ ಒತ್ತು," ಎಂದಳು ಅಜ್ಜಿ.

ಕೊನೆಯ ಪುಸ್ತಕ ಹಸಿರು ಬಟ್ಟೆಯ ರಟ್ಟಿನದು. ಗಂಡನ ದಿಂಬಿನ ಪಕ್ಕದಲ್ಲಿ ಕಡೆಯ ದಿನದವರೆಗೂ ಇದ್ದದ್ದು. ಹೆಸರಿನಲ್ಲಿ ಐದು ಅಕ್ಷರ, ಅದರಲ್ಲಿ ಎರಡಕ್ಕೆ ಗೋಡೆ. ಅಧ್ಯಕ್ಷರು ಕೆಳಗಿನ ಸಾಲಿಗೆ ಬಗ್ಗುವ ಹೊತ್ತಿಗೆ ಮುದ್ರಣಯಂತ್ರ ಕೊನೆಯ ಹಾಳೆಯನ್ನು ಹೊರಗೆ ತಳ್ಳಿತು. ಹನ್ನೆರಡೂವರೆಗೆ ಅವರು ಸೊಂಟ ಹಿಡಿದುಕೊಂಡು ಎದ್ದರು.

"ನೂರ ಅರವತ್ತೂ ಸರಿಯಿವೆ. ಒಂದು ತಪ್ಪೂ ಇಲ್ಲ," ಎಂದರು. ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು, ತಾವೇ ಬರೆದ ಹಾಗೆ. ಹೊರಗೆ ಹೋಗಿ ರದ್ದಿಯವನನ್ನು ಎಬ್ಬಿಸಿ ಕಳಿಸಿ ಬಂದರು. "ಇನ್ನು ಮೇಲೆ ಇವು ಗ್ರಂಥಾಲಯದ ಪುಸ್ತಕ ಕಣಮ್ಮ. ಯಾರು ಕೇಳಿದ್ರೂ ಕೊಡ್ಬೇಕು."

ಅಷ್ಟು ದಿನ ಆಕೆ ಅದನ್ನು ಯೋಚಿಸಿಯೇ ಇರಲಿಲ್ಲ. ಉಳಿಯಬೇಕು ಎಂದಷ್ಟೇ ಬೇಡಿಕೊಂಡಿದ್ದಳು.

"ಹಾಗಿದ್ರೆ ನಂಗೆ ಆ ಹಸಿರುದು ಕೊಡಮ್ಮ," ಎಂದಳು ಅಜ್ಜಿ.

"ಬೇರೆ ಯಾವುದಾದ್ರೂ ಆಗಲ್ವಾ ಅಜ್ಜಿ? ಅಲ್ಲಿ ಕೆಂಪು ರಟ್ಟಿನದು ಚೆನ್ನಾಗಿದೆ."

"ಇದರಲ್ಲಿ ಅಕ್ಷರ ದಪ್ಪ. ನನ್ನ ಕಣ್ಣಿಗೆ ಹಿಡಿಯುತ್ತೆ."

"ಓದೋಕೆ ಬರಲ್ಲ ಅಂದ್ರಿ."

"ನೆನಪಿರೋದು ಎಷ್ಟು ಅಂತ ಹುಡುಕ್ತೀನಿ. ಎರಡು ದಿನದಲ್ಲೇ ಹತ್ತು ಅಕ್ಷರ ವಾಪಸ್ ಬಂದ್ವು."

ಅಧ್ಯಕ್ಷರು ಕೆಮ್ಮಿದರು. ಕುಂಚಪ್ಪ ಕಿಟಕಿಯ ಕಡೆ ತಿರುಗಿಕೊಂಡ. ಗ್ರಂಥಪಾಲಕಿ ಕಪಾಟು ತೆರೆದು ಪುಸ್ತಕ ತೆಗೆದಳು, ಸೆರಗಿನ ತುದಿಯಿಂದ ಒರೆಸಿದಳು, ಒಂದು ಗಳಿಗೆ ಎದೆಗೆ ಹಿಡಿದಳು. ಕಪಾಟಿನ ಸಾಲಿನಲ್ಲಿ ಒಂದು ಬೆರಳಷ್ಟು ಜಾಗ ಖಾಲಿಯಾಯಿತು. ಮೇಜಿಗೆ ಬಂದು, ಒಳರಟ್ಟಿಗೆ ಹೊಸ ಚೀಟಿ ಅಂಟಿಸಿ, ದಿನಾಂಕದ ಮೊಹರು ಒತ್ತಿದಳು.

"ಹದಿನೈದು ದಿನ ಅಜ್ಜಿ. ತಡವಾದ್ರೆ ನಾನೇ ನಿಮ್ಮನೆ ಬಾಗಿಲಿಗೆ ಬಂದು ಕೂರ್ತೀನಿ."

"ಚಹಾ ಕುಡೀತೀಯಾ?"

"ಕುಡೀತೀನಿ."

"ಹಾಗಾದ್ರೆ ತಡ ಮಾಡ್ತೀನಿ," ಎಂದು ಅಜ್ಜಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.